ಲಸಿಕೆ ಚುಚ್ಚದ ಹತ್ತು ಕೋಳಿ

ಬ್ರಹ್ಮಾವರದ ಕೋಳಿರೋಗದ ಪ್ರಯೋಗಶಾಲೆಗೆ ಸಹಾಯಕನಾಗಿ ಕುಷ್ಟ ಸೇರಿದ್ದು ೧೯೬೨ರಲ್ಲಿ. ಪ್ರಯೋಗಶಾಲೆ ಎಂದರೆ ಭಾರೀ ಕಲ್ಪನೆ ಬೇಡ; ಹಂಚಿನ ಮನೆ, ಎರಡು ಮೇಜು, ಹಿತ್ತಲಲ್ಲಿ ಕೋಳಿಗೂಡು, ಅಷ್ಟೆ. ಅದಕ್ಕೆ ಮೊದಲು ಹದಿನೈದು ವರ್ಷ ಅವನು ಊರಿನ ಮದುವೆಗಳಲ್ಲಿ ಊಟ ಬಡಿಸಿದವನು.

ರಾಣಿಖೇತ್ ರೋಗ ಬಂತೆಂದರೆ ಊರಿಗೆ ಊರೇ ಕೋಳಿಗೂಡು ಖಾಲಿ. ಕೋಳಿಗಳು ಕುತ್ತಿಗೆ ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ ಸಾಯುತ್ತಿದ್ದವು. ಅದರ ವಿಷಾಣುವನ್ನು ಫಾರ್ಮಾಲಿನ್ ಬೆರೆಸಿ ಕೊಂದು, ಅದರಿಂದಲೇ ಲಸಿಕೆ ಮಾಡಲು ಡಾಕ್ಟರ್ ಭೋಜ ಶೆಟ್ಟರು ಹೊರಟಿದ್ದರು. ಫಾರ್ಮಾಲಿನ್ ಹೆಚ್ಚಾದರೆ ಲಸಿಕೆ ದಂಡ, ಕಡಿಮೆಯಾದರೆ ರೋಗವನ್ನೇ ಚುಚ್ಚಿದಂತೆ. ಹದ ಹಿಡಿಯುವುದರಲ್ಲಿ ಒಂದು ವರ್ಷ ಹೋಯಿತು.

ಕೊನೆಗೆ ಇಪ್ಪತ್ತು ಕೋಳಿ ತಂದರು. ಹತ್ತಕ್ಕೆ ಲಸಿಕೆ, ಹತ್ತಕ್ಕೆ ಇಲ್ಲ. ಮೂರು ವಾರ ಬಿಟ್ಟು ಇಪ್ಪತ್ತಕ್ಕೂ ಜೀವಂತ ವಿಷಾಣು. ಲಸಿಕೆ ಇಲ್ಲದವು ಸತ್ತು ಉಳಿದವು ಬದುಕಿದರೆ ಗೆದ್ದಂತೆ. ಲಸಿಕೆ ಚುಚ್ಚುವುದನ್ನು ಕುಷ್ಟನಿಗೆ ಒಪ್ಪಿಸಿ ಡಾಕ್ಟರು ಕುಂದಾಪುರಕ್ಕೆ ಹೋದರು.

ಮೂರು ವಾರದ ಮೇಲೆ ಡಾಕ್ಟರು ವಿಷಾಣು ಚುಚ್ಚಿ ಕಾದು ನೋಡಿದರೆ ಒಂದು ಕೋಳಿಯೂ ಸಾಯಲಿಲ್ಲ! ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು.

"ನನ್ನ್ ವಿಷಾಣುವೇ ಮೊದ್ಲೇ ಸತ್ತಿತ್ ಕಾಣ್ತ್. ಅದ್ರಲ್ ಮಾಡಿದ್ ಲಸಿಕೆಯೂ ದಂಡ. ಬಾಟ್ಲಿ ಎಲ್ಲ ಚೆಲ್ಲ್, ಕುಷ್ಟ."

ಕುಷ್ಟ ಬಾಟಲಿಗಳನ್ನು ಹಿತ್ತಲಿಗೆ ಒಯ್ದ. ಬಾಯಿ ಬಿಟ್ಟರೆ ಕೆಲಸ ಹೋದೀತು, ಬಿಡದಿದ್ದರೆ ಆ ಮನುಷ್ಯನ ಒಂದು ವರ್ಷದ ದುಡಿಮೆ ಮಣ್ಣುಪಾಲು. ಬಾಟಲಿಗಳ ಸಮೇತ ತಿರುಗಿ ಬಂದ.

"ಚೆಲ್ಲುದ್ ಬೇಡ ಡಾಕ್ಟ್ರೇ. ನಾನ್ ಇಪ್ಪತ್ಕೂ ಲಸಿಕೆ ಹಾಕಿದ್ದೆ."

"ಎಂತಕಾ?"

"ಎಲ್ಲ ಒಂದೇ ಸಾಲಲ್ ಇದ್ದಿದೋ. ಅರ್ಧ ಪಂಕ್ತಿಗೆ ಬಡ್ಸಿ ಅರ್ಧ ಬಿಡುಕೆ ಕೈ ಬರ್ಲಿಲ್ಲೆ."

ಪಂಕ್ತಿಭೇದ ಮಹಾಪಾಪ ಎಂದು ಕಲಿತ ಕೈ ಅದು. ಇಲ್ಲಿ ಬೇಕಾಗಿದ್ದುದೇ ಆ ಪಾಪ! ಡಾಕ್ಟರು ಬಾಟಲಿಗಳನ್ನು ಅವನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟರು.

"ಲಸಿಕೆ ಹಾಕ್ದೆ ಹತ್ತ್ ಕೋಳಿ ಬಿಡ್ದಿರೆ ಊರ್ ಕೋಳಿ ಒಂದೂ ಉಳುದಿಲ್ಲೆ ಮಾರಾಯ. ಇನ್ನೊಂದ್ ಸಲ ಮಾಡುವ. ಲಸಿಕೆ ಇಲ್ಲದ್ ಹತ್ತನ್ನ ಈ ಸಲ ನೀನೇ ಆರ್ಸ್."

ಹೊಸದಾಗಿ ಇಪ್ಪತ್ತು ಕೋಳಿ ಬಂದವು, ಕುಷ್ಟ ಹತ್ತನ್ನು ಆರಿಸಿದ. ವಿಷಾಣು ಚುಚ್ಚಿ ಆರು ದಿನದೊಳಗೆ ಆ ಹತ್ತೂ ಹೋದವು. ಲಸಿಕೆಯವು ಕಾಳು ಹೆಕ್ಕುತ್ತಲೇ ಇದ್ದವು. ಡಾಕ್ಟರಿಗೆ ಹಿಡಿಸಲಾರದಷ್ಟು ಖುಷಿ. ಕುಷ್ಟ ಹಿತ್ತಲಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದ. ಆ ದಿನ ಅವನಿಗೆ ಊಟ ಸೇರಲಿಲ್ಲ.

ಮರುವರ್ಷ ಕುಷ್ಟ ಲಸಿಕೆ ಹಿಡಿದು ನಾವುಂದ ಊರಿಗೆ ಹೋದಾಗ ಗುಲಾಬಿ ಎಂಬಾಕೆ ತನ್ನ ಹೇಂಟೆಯನ್ನು ಅವಚಿಕೊಂಡು, ಕೊಡಲು ಮನಸ್ಸಿಲ್ಲದೆ ನಿಂತಿದ್ದಳು.

"ಹ್ವಾಯ್ ಅಣ್ಣ, ಇದ್ ಬದ್ಕತ್ತಾ?"

ಕುಷ್ಟ ಹೇಂಟೆಯ ರೆಕ್ಕೆ ಸವರಿ ಸೂಜಿ ಹಾಕಿದ.

"ಬದ್ಕತ್ತ್ ತಂಗಿ. ಇದ್ರ್ ಬದ್ಲಿಗೆ ಸಾಯುಕೆ ಹತ್ತನ್ನ ನಾನೇ ಆರ್ಸಿ ಕೊಟ್ಟಿದ್ದೆ."