ಒಂದೂಕಾಲು ಓಂ

ನಮ್ಮ ಮನೆಯಲ್ಲಿ ಅನುಮಾನಪಡುವ ಕೆಲಸ ನನ್ನದು. ಅಡುಗೆ, ಹಬ್ಬ, ನೆಂಟರಿಷ್ಟರು ನನ್ನ ಹೆಂಡತಿಯ ಪಾಲು. ಹಾಲಿಗೆ ನೀರು ಬಿದ್ದಿದೆಯೇ, ಕಾಫಿಪುಡಿಗೆ ಹುಣಸೆಬೀಜ ಸೇರಿದೆಯೇ, ಪಕ್ಕದ ಮನೆಯವರು ನಮ್ಮನ್ನು ನೋಡಿ ನಕ್ಕದ್ದು ಏಕೆ, ಇವೆಲ್ಲ ನನ್ನ ಪಾಲು. ಅಹಮದಾಬಾದಿಗೆ ವರ್ಗವಾಗಿ ಬಂದ ಹೊಸತರಲ್ಲಿ ಅಲ್ಲಿಯವರು ಬೇಳೆಗೆ ಬೆಲ್ಲ ಹಾಕುವುದನ್ನು ಕಂಡು, ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ನಂಬಿದ್ದೆ. ಆ ಬೇಳೆಯನ್ನು ಈಗ ಇಷ್ಟಪಟ್ಟು ತಿನ್ನುತ್ತೇನೆ. ಆದರೂ ಮೊದಲ ತುತ್ತಿಗೆ ಒಮ್ಮೆ ಮೂಸುತ್ತೇನೆ.

ಅರವತ್ತರ ದಶಕದ ನಡುವಿನ ಮಾತು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತ. ಮಣಿನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ನಾನು, ನನ್ನ ಹೆಂಡತಿ ಇಬ್ಬರೇ ಇದ್ದೆವು. ಸಂಜೆಯಾದರೆ ನನಗೆ ಬೆಸುಗೆ ಹಾಕುವ ಹುಚ್ಚು. ರೇಡಿಯೋ ಪತ್ರಿಕೆಗಳಲ್ಲಿ ಬರುವ ನಕ್ಷೆ ನೋಡಿಕೊಂಡು, ಹಳೆಯ ವಾಲ್ವುಗಳನ್ನು ಕೂಡಿಸಿ ಒಂದು ಆಂಪ್ಲಿಫೈಯರ್ ಕಟ್ಟಿದ್ದೆ. ಅದೇ ಹುಚ್ಚಿನ ಇನ್ನೊಬ್ಬರು ಬರೋಡಾದಲ್ಲಿದ್ದರು. ಧಾರವಾಡದ ಕಡೆಯವರು, ಬ್ಯಾಂಕಿನವರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ನಾನು ಅವರನ್ನು ರಾಯರೇ ಎನ್ನುತ್ತಿದ್ದೆ, ಅವರು ನನ್ನನ್ನು ಗೇಲಿಗೆ ಸಾಹೇಬ್ರ ಎನ್ನುತ್ತಿದ್ದರು. ಊರಿಗೆ ಹೋಗುವ ರೈಲಿನಲ್ಲಿ ಇಬ್ಬರ ಕೈಯಲ್ಲೂ ಒಂದೇ ಪತ್ರಿಕೆ ಇದ್ದದ್ದು ನಮ್ಮ ಪರಿಚಯಕ್ಕೆ ಕಾರಣ.

ನಮ್ಮ ಪರಿಚಯಕ್ಕಿಂತ ಗಟ್ಟಿಯಾದದ್ದು ಹೆಂಗಸರ ಪರಿಚಯ. ನನ್ನ ಹೆಂಡತಿಗೆ ತಾಯಿ ಇರಲಿಲ್ಲ. ರಾಯರ ಹೆಂಡತಿಯನ್ನು ಅವಳು ಅಕ್ಕ ಎಂದು ಕರೆದದ್ದು ಬರೀ ಬಾಯಿಮಾತಾಗಿ ಉಳಿಯಲಿಲ್ಲ. ನಮ್ಮವಳು ಬಸುರಿ ಎಂದು ತಿಳಿದ ದಿನವೇ ಅಕ್ಕ, "ಮೈಸೂರಿಗೆ ಯಾಕ ಹೋಗ್ತಿ? ಅಲ್ಲಿ ಯಾರಿದ್ದಾರ ನಿನಗ? ನಾನs ಬಂದು ಬಾಣಂತನ ಮಾಡ್ತೀನಿ," ಎಂದಿದ್ದರು. ಹೆಂಡತಿ ಆ ಮಾತನ್ನು ನನಗೆ ಹೇಳುವಾಗ ಅತ್ತಳು. ಆ ಒಂದು ಮಾತನ್ನು ನಂಬಿಕೊಂಡು ನಾವು ಊರಿನ ಆಸೆ ಬಿಟ್ಟೆವು.

ಅದೇ ಹೊತ್ತಿಗೆ ಸೂರತ್ತಿನಿಂದ ಸುದ್ದಿ ಬಂತು. ಅಲ್ಲಿನ ಒಂದು ಹಳೇ ಟಾಕೀಸಿನವರು ಹೊಸ ಸ್ಪೀಕರುಗಳನ್ನು ಹಾಕಿಸಿಕೊಂಡು ಹಳೆಯವನ್ನು ಮಾರುತ್ತಿದ್ದಾರೆ ಎಂದು ರಾಯರು ಬ್ಯಾಂಕಿನಲ್ಲಿ ಕೇಳಿದ್ದರು. ವಿಲಾಯತಿ ಮಾಲು, ಮೂಕಿ ಚಿತ್ರಗಳು ಮಾತಾಡಲು ಕಲಿತ ಕಾಲದ್ದು. ಇಬ್ಬರೂ ರಜೆ ಹಾಕಿ ಹೋದೆವು. ಪರದೆಯ ಹಿಂದೆ, ಇಲಿ ಹಿಕ್ಕೆಯ ನಡುವೆ, ಎರಡು ಮರದ ಪೆಟ್ಟಿಗೆಗಳು ಪಕ್ಕಪಕ್ಕದಲ್ಲಿ ಕೂತಿದ್ದವು. ಒಂದರ ಮುಂಭಾಗದ ಬಟ್ಟೆ ನೆಟ್ಟಗಿತ್ತು, ಇನ್ನೊಂದರದು ಹರಿದು ಜೋತುಬಿದ್ದಿತ್ತು.

ನಾನು ಇನ್ನೂ ಬಗ್ಗಿ ನೋಡುತ್ತಿರುವಾಗಲೇ ರಾಯರು ಹರಿದದ್ದರ ಮೇಲೆ ಕೈಯಿಟ್ಟರು. "ಇದು ನನಗಿರ್ಲಿ ಸಾಹೇಬ್ರ, ಅದು ನೀವು ಒಯ್ಯಿರಿ."

ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ಯಾರಾದರೂ ಹರಿದದ್ದನ್ನು ತಾವಾಗಿಯೇ ಕೇಳಿ ಪಡೆಯುತ್ತಾರೆಯೇ? ಒಳಗೇನೋ ಇರಬೇಕು. ಆದರೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಈಗ ಒಂದು ಸಣ್ಣ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪ್ರತಿ ಸ್ಪೀಕರಿಗೂ ಒಂದು ಅಂಕಿ ಇರುತ್ತದೆ, ಅದನ್ನು ಓಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಆ ಅಂಕಿಗೆ ಸರಿಹೊಂದುವ ಟ್ರಾನ್ಸ್‌ಫಾರ್ಮರನ್ನು ಆಂಪ್ಲಿಫೈಯರಿಗೆ ಹಾಕಿದರೆ ಮಾತ್ರ ಎರಡೂ ಕೂಡಿ ಹಾಡುತ್ತವೆ. ಜಾತಕ ಕೂಡಿಸಿದ ಹಾಗೆ. ಕೂಡದಿದ್ದರೆ ಎರಡೂ ಒಳ್ಳೆಯವೇ ಆದರೂ ಸಂಸಾರ ಸಾಗುವುದಿಲ್ಲ. ನನ್ನ ಹೆಂಡತಿಗೆ ಇದನ್ನು ವಿವರಿಸಿದಾಗ, "ದಿನಾ ಓಂ ಓಂ ಅಂತೀರಲ್ಲ, ದೇವರ ಮುಂದೆ ಒಂದು ಸಲ ಅನ್ನಿ," ಎಂದಿದ್ದಳು.

ಪೆಟ್ಟಿಗೆಗಳ ಮೇಲೆ ಕಂಪನಿಯ ಚೀಟಿ ಉದುರಿಹೋಗಿತ್ತು. ಆದರೆ ಹಿಂದುಗಡೆ, ತಂತಿ ಸಿಕ್ಕಿಸುವ ಜಾಗದ ಹತ್ತಿರ, ಎಣ್ಣೆ ಜಿಡ್ಡಿನ ಕೆಳಗೆ ಕೆಂಪಗೆ ಏನೋ ಬರೆದದ್ದು ಕಾಣಿಸಿತು. ಎರಡರ ಮೇಲೂ ಒಂದೇ ಬರಹ. ಗುಜರಾತಿಯ ಒಂದರ ಅಂಕಿ, ಅದರ ಪಕ್ಕದಲ್ಲಿ ಒಂದು ನೆಟ್ಟನೆಯ ಗೆರೆ. ಟಾಕೀಸಿನ ಟಿಕೆಟ್ ಗುಮಾಸ್ತನನ್ನು ಕರೆದು, ಇದೇನೆಂದು ಕೇಳಿದೆವು.

"ಸವಾ," ಎಂದ ಆತ, ಪಾನ್ ಅಗಿಯುತ್ತಲೇ.

ಸವಾ ಎಂದರೆ ಒಂದೂಕಾಲು, ಪಕ್ಕದ ಗೆರೆಯೇ ಕಾಲು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ತಲೆಯಾಡಿಸಿದೆವು. ಒಂದೂಕಾಲು ಓಂ! ಹಳೆಯ ಕಾಲದ ಮಾಲು, ಹೀಗೆ ವಿಚಿತ್ರವಾಗಿಯೇ ಇರಬೇಕು ಎಂದು ಸಂತೋಷಪಟ್ಟೆವು. ನನ್ನ ಆಂಪ್ಲಿಫೈಯರಿನಲ್ಲಿದ್ದ ಟ್ರಾನ್ಸ್‌ಫಾರ್ಮರು ಅಂಗಡಿಯಲ್ಲಿ ಎಲ್ಲರಿಗೂ ಸಿಗುವಂಥದ್ದು. ನಾಲ್ಕು, ಎಂಟು, ಹದಿನೈದು ಓಮಿಗೆ ಮಾತ್ರ ಹೊಂದುವಂಥದ್ದು. ಅದನ್ನು ಕಿತ್ತು ಟ್ರಂಕಿಗೆ ಹಾಕಿದೆ. ಒಂದೂಕಾಲು ಓಮಿಗೆಂದೇ ಬೇರೊಂದನ್ನು ಸುತ್ತಿಸಿದೆ. ರಾಯರೂ ತಮ್ಮ ಊರಿನಲ್ಲಿ ಅದನ್ನೇ ಮಾಡಿಸಿದರು.

ಎಲ್ಲ ಜೋಡಿಸಿ, ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಗುಂಡಿ ತಿರುಗಿಸಿದೆ. ಬಂದ ಸ್ವರ ಗಂಟಲು ಕಟ್ಟಿದವರು ಬಾವಿಯೊಳಗಿಂದ ಕೂಗಿದ ಹಾಗಿತ್ತು. ಜೋರು ಮಾಡಿದರೆ ಕಿರುಚುತ್ತಿತ್ತು, ತಗ್ಗಿಸಿದರೆ ಗೊಣಗುತ್ತಿತ್ತು. ಹೆಂಡತಿ ಒಳ್ಳೆಯವಳು. "ಹಳೇ ಡಬ್ಬ ಅಲ್ವಾ, ಸುಧಾರಿಸಿಕೊಳ್ಳುತ್ತೆ ಬಿಡಿ," ಎಂದಳು.

ಕಚೇರಿಯ ಎಲೆಕ್ಟ್ರಿಷಿಯನ್ನಿನ ಮೀಟರನ್ನು ಎರವಲು ತಂದು ಸ್ಪೀಕರಿಗೆ ಹಚ್ಚಿದೆ. ಒಂದರ ಆಸುಪಾಸು ತೋರಿಸಬೇಕಾದ ಮುಳ್ಳು ಹನ್ನೆರಡರ ಹತ್ತಿರ ಹೋಗಿ ನಿಂತಿತು. ಬೇರೆಯವರಾಗಿದ್ದರೆ ಬರಹ ತಪ್ಪಿರಬಹುದು ಎಂದುಕೊಳ್ಳುತ್ತಿದ್ದರೇನೋ. ನಾನು ಮೊದಲು ಮೀಟರನ್ನು ಅನುಮಾನಿಸಿದೆ, ಆಮೇಲೆ ಮೀಟರ್ ಕೊಟ್ಟವನನ್ನು. ಕೊನೆಗೆ ನನ್ನ ತಲೆಯಲ್ಲಿ ಎಲ್ಲ ಬೆಳ್ಳಗೆ ಬೆಳಗಾಯಿತು. ಇದರ ಒಳಗಿನ ಸುರುಳಿ ಕೆಟ್ಟಿದೆ. ಅದು ಕೆಟ್ಟಿದೆ ಎಂದು ಗೊತ್ತಿದ್ದೇ ರಾಯರು ಇದನ್ನು ನನ್ನ ಕೊರಳಿಗೆ ಕಟ್ಟಿ, ಹರಿದ ಬಟ್ಟೆಯ ಒಳ್ಳೆಯದನ್ನು ಎತ್ತಿಕೊಂಡು ಹೋಗಿದ್ದಾರೆ. ಅಂದು ಇಡೀ ದಿನ ಮೈಯೆಲ್ಲ ಉರಿಯಿತು. ಹಣ ಹೋದದ್ದಕ್ಕಲ್ಲ, ಆ ಮನುಷ್ಯ ನಮ್ಮ ಮನೆಯಲ್ಲಿ ಚಟ್ನಿಪುಡಿ ಕಲಸಿಕೊಂಡು ಅನ್ನ ಉಂಡಿದ್ದರಲ್ಲ, ಅದಕ್ಕೆ.

ಯುಗಾದಿಗೆ ಅಹಮದಾಬಾದಿನಲ್ಲಿ ಕನ್ನಡದವರೆಲ್ಲ ಒಂದೆಡೆ ಸೇರಿದರು. ರಾಯರೂ ಅಕ್ಕನೊಂದಿಗೆ ಬಂದಿದ್ದರು. ಕೋಸಂಬರಿ ತಿನ್ನುತ್ತಾ ಅವರೇ ಕೇಳಿದರು. "ಏನ್ ಸಾಹೇಬ್ರ, ಹೆಂಗ ಹಾಡ್ಲಿಕ್ಕತ್ತದ ನಿಮ್ಮ ಪೆಟ್ಟಿಗೆ?"

ನನ್ನ ಸೋಲನ್ನು ಅವರ ಬಾಯಿಗೆ ಹಾಕುವುದೇ? "ಅಮೋಘ ರಾಯರೇ. ಕೂತವರು ಏಳೋದಿಲ್ಲ. ನಿಮ್ಮದು?"

"ನಮ್ಮದಂತೂ ಕೇಳಬ್ಯಾಡ್ರಿ. ಎದುರಿಗೆ ಕೂತು ಹಾಡಿದಂಗ."

"ಹಾಗಾದ್ರೆ ಒಂದ್ಸಲ ಬಂದು ಕೇಳಬೇಕಾಯ್ತು."

"ಬರ್ರಿ, ಬರ್ರಿ. ಆದ್ರ ಈಗ ಮನಿಗೆ ಸುಣ್ಣ ಹಚ್ಚಿಸ್ಲಿಕ್ಕತ್ತೀವಿ. ಮೊದಲ ನಿಮ್ಮದು ಕೇಳೋಣಲ್ಲ, ಇಲ್ಲೇ ಅದ ಮನಿ."

"ಬರಬಹುದಿತ್ತು," ಎಂದೆ, "ಒಂದು ವಾಲ್ವು ಇವತ್ತು ಬೆಳಿಗ್ಗೆ ತಾನೇ ಹೋಯ್ತು."

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು. ಸುಣ್ಣದ ಮಾತು ಸುಳ್ಳು ಎಂದು ನನಗೆ ಖಚಿತವಾಯಿತು. ಚೆನ್ನಾಗಿರುವುದನ್ನು ನನಗೆ ಕೇಳಿಸಲು ಅವರಿಗೆ ಧೈರ್ಯವಿಲ್ಲ, ಅಷ್ಟೇ.

ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ತೆಳುವಾಯಿತು. ಊರಿಂದ ಕಾಫಿಬೀಜ ಬಂದರೆ ಬರೋಡಾಕ್ಕೂ ಒಂದು ಪಾಲು ಹೋಗುತ್ತಿತ್ತು, ನಾನು ನಿಲ್ಲಿಸಿದೆ. ಅವರ ಕಡೆಯಿಂದ ಚಟ್ನಿಪುಡಿ ಬರುತ್ತಿತ್ತು; ಅದೂ ನಿಂತಿತು. ಹೆಂಡತಿಗೆ ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಅವಳು ಜಗಳವಾಡುವವಳಲ್ಲ. ಮಜ್ಜಿಗೆ ಬಡಿಸುತ್ತಾ ಒಮ್ಮೆ, "ಅಕ್ಕ ಬರ್ತಾರೆ ತಾನೇ?" ಎಂದಳು. "ಬರದೇ ಏನು," ಎಂದೆ. ಮತ್ತೊಮ್ಮೆ ಕೇಳಲಿಲ್ಲ. ಕೇಳದೆ ಇದ್ದದ್ದೇ ನನ್ನನ್ನು ಕುಟುಕಿತು.

ಕೊನೆಗೆ ಅಕ್ಕ ಬರುವ ದಿನ ಗೊತ್ತುಮಾಡುವ ನೆಪ ಮಾಡಿಕೊಂಡು, ಮೊದಲೇ ತಿಳಿಸದೆ, ಒಂದು ಭಾನುವಾರ ಮಧ್ಯಾಹ್ನ ಬರೋಡಾದ ಅವರ ಮನೆಯ ಬಾಗಿಲು ತಟ್ಟಿದೆ. ಅಕ್ಕ ಮನೆಯಲ್ಲಿರಲಿಲ್ಲ, ಭಜನೆಗೆ ಹೋಗಿದ್ದರು. ಗೋಡೆಗೆ ಹೊಸ ಸುಣ್ಣದ ಗುರುತೇ ಇಲ್ಲ. ಮೂಲೆಯಲ್ಲಿ ಸ್ಪೀಕರ್ ಪೆಟ್ಟಿಗೆ ಕಸೂತಿ ಬಟ್ಟೆ ಹೊದ್ದು ಕೂತಿತ್ತು, ಅದರ ಮೇಲೊಂದು ಹೂದಾನಿ.

"ಒಂದು ಹಾಡು ಹಾಕಿ ರಾಯರೇ."

"ಅಯ್ಯ, ಕರೆಂಟs ಇಲ್ರಿ."

ನಾನು ತಲೆಯೆತ್ತಿ ನೋಡಿದೆ. ನಮ್ಮ ನೆತ್ತಿಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಅವರೂ ತಲೆಯೆತ್ತಿ ನೋಡಿದರು. ಆಮೇಲೆ ನಾವಿಬ್ಬರೂ ಚೇವಡಾ ತಿಂದೆವು. ಅಕ್ಕ ಬರುವ ದಿನದ ಮಾತೆತ್ತದೆಯೇ ಎದ್ದು ಬಂದೆ. ರೈಲಿನಲ್ಲಿ ವಾಪಸು ಬರುವಾಗ ಮೊದಲ ಸಲ ನನಗೆ ಹೆದರಿಕೆಯಾಯಿತು. ಸ್ಪೀಕರ್ ಹೋದರೆ ಹೋಗಲಿ, ಬಾಣಂತನಕ್ಕೆ ಯಾರು? ನನಗೆ ಗಂಜಿ ಕಾಯಿಸಲೂ ಬರುತ್ತಿರಲಿಲ್ಲ. ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಕೂತಿದ್ದೆ. ಮನೆಗೆ ಬಂದು, "ಅಕ್ಕ ಸಿಗಲಿಲ್ಲ," ಎಂದಷ್ಟೇ ಹೇಳಿದೆ. ಅವಳು "ಹೂಂ" ಎಂದಳು.

ಒಂಬತ್ತು ತುಂಬುವ ಹೊತ್ತಿಗೆ, ಒಂದು ಬೆಳಿಗ್ಗೆ, ಮನೆ ಮುಂದೆ ಕುದುರೆಗಾಡಿ ಬಂದು ನಿಂತಿತು. ಅಕ್ಕ ಇಳಿದರು. ಅವರ ಹಿಂದೆಯೇ ರಾಯರು, ಜಮಖಾನದಲ್ಲಿ ಸುತ್ತಿದ ಪೆಟ್ಟಿಗೆಯನ್ನು ಅವುಚಿಕೊಂಡು, ಮುಖ ಗಂಟು ಹಾಕಿಕೊಂಡು ಮೆಟ್ಟಿಲು ಹತ್ತಿದರು. ಅಕ್ಕನನ್ನು ಕಂಡು ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪೆಟ್ಟಿಗೆಯನ್ನು ಕಂಡು ಮತ್ತೆ ಕಿವಿ ನೆಟ್ಟಗಾಯಿತು.

ರಾಯರು ಪೆಟ್ಟಿಗೆ ಇಳಿಸಿ, "ತಗೋರಿ. ನಿಮ್ಮ ಛಲೋದು ನನಗ ಕೊಡ್ರಿ, ಈ ಸುಟ್ಟ ಸುರುಳಿ ನೀವs ಇಟ್ಕೋರಿ," ಎಂದರು.

"ಸುಟ್ಟದ್ದು ನನ್ನದು! ಒಳ್ಳೇದನ್ನ ಓಡಿಹೋಗಿ ಹಿಡಕೊಂಡವರು ನೀವು. ಹರಿದ ಬಟ್ಟೇದು ಯಾರಾದ್ರೂ ಸುಮ್ಮನೆ ತಗೋತಾರಾ?"

"ಮೀಟರ್ ಹಚ್ಚೀನ್ರಿ ನಾನು! ಹನ್ನೆರಡು ತೋರಸ್ತದ!"

"ನನ್ನದೂ ಹನ್ನೆರಡೇ!"

ಅಕ್ಕ ನಡುವೆ ಬಂದರು. "ಎರಡರಾಗ ಹರಿದದ್ದು ಇದ್ರ ನೀವs ತಗೋರಿ ಅಂತ ನಾನs ಹೇಳಿ ಕಳಿಸಿದ್ದೆ. ಹೊಸಾ ಸಂಸಾರ ಅವರದು, ನೆಟ್ಟಗಿದ್ದದ್ದು ಅವರಿಗಿರ್ಲಿ, ನಮ್ಮ ಮನಿಗೆ ಯಾರು ಬರ್ತಾರ ನೋಡ್ಲಿಕ್ಕೆ ಅಂತ. ಇದಕ್ಕs ಇಷ್ಟು ತಿಂಗಳು ಮುಖ ತಿರಿವಿದ್ರೇನು ಇಬ್ರೂ?"

ನಾನು ಬಗ್ಗಿ ಅವರ ಪೆಟ್ಟಿಗೆಯ ಜಮಖಾನ ಬಿಚ್ಚತೊಡಗಿದೆ. ರಾಯರು ಕಿಟಕಿಯ ಕಡೆ ತಿರುಗಿದರು. ಗದ್ದಲ ಕೇಳಿ ಕೆಳಗಿನ ಮನೆಯ ಅಜ್ಜಿ ಹತ್ತಿ ಬಂದಿದ್ದರು. ಅವರನ್ನು ನಾವು ಅಲ್ಲಿಯವರಂತೆ ಬಾ, ಅಂದರೆ ಅಮ್ಮ, ಎನ್ನುತ್ತಿದ್ದೆವು. ಬಾ ನಮ್ಮ ಜಗಳವನ್ನು ನೋಡಲೇ ಇಲ್ಲ. ಬೆನ್ನು ತಿರುಗಿಸಿ ನಿಂತಿದ್ದ ಪೆಟ್ಟಿಗೆಯ ಮುಂದೆ ಕೂತು, ಅದಕ್ಕೆ ತಾಗಿದ್ದ ನನ್ನ ಕಾಲನ್ನು ಕೈಯಿಂದ ಆಚೆ ತಳ್ಳಿದರು. ಸೀರೆಯ ಸೆರಗನ್ನು ನೀರಿಗೆ ಅದ್ದಿ, ಎಣ್ಣೆ ಜಿಡ್ಡನ್ನು ಉಜ್ಜಿ ಒರೆಸಿದರು. ಒಂದೂಕಾಲಿನ ಎಡಗಡೆ, ಜಿಡ್ಡಿನ ಕೆಳಗಿಂದ, ಕೆಂಪಗೆ ಇನ್ನೊಂದು ಅಕ್ಷರ ಎದ್ದುಬಂತು. ಶ್ರೀ.

"ಆ ತೋ ಶ್ರೀ ಸವಾ ಛೇ," ಇದು ಶ್ರೀ ಸವಾ, ಎಂದು ಬಾ ಕೈಮುಗಿದರು. ದೀಪಾವಳಿಯಲ್ಲಿ ಅಂಗಡಿಯವರು ಪೂಜೆ ಮಾಡಿ ಬರೆಯುವುದು. ಲಕ್ಷ್ಮಿ ಒಂದಿದ್ದದ್ದು ಒಂದೂಕಾಲಾಗಲಿ, ಬೆಳೆಯಲಿ ಎಂದು. ಇದಕ್ಕೆ ಕಾಲು ತಾಗಿಸುತ್ತಾರೆಯೇ ಎಂದು ಗದರಿದರು. ಎರಡನೆಯ ಪೆಟ್ಟಿಗೆಯನ್ನೂ ಒರೆಸಿದರು. ಅಲ್ಲೂ ಶ್ರೀ.

ಟಾಕೀಸಿನ ಯಜಮಾನನ ಪೂಜೆಯ ಗುರುತಿಗೆ ನಾವಿಬ್ಬರು ಟ್ರಾನ್ಸ್‌ಫಾರ್ಮರ್ ಸುತ್ತಿಸಿದ್ದೆವು! ಮೀಟರು ನಿಜವನ್ನೇ ಹೇಳಿತ್ತು. ಹದಿನೈದು ಓಮಿನ ಸ್ಪೀಕರಿಗೆ ಮೀಟರು ಹಚ್ಚಿದರೆ ಹನ್ನೆರಡರ ಹತ್ತಿರವೇ ತೋರಿಸುವುದು. ಎರಡೂ ಹದಿನೈದು ಓಮಿನ, ಆರೋಗ್ಯವಾಗಿದ್ದ ಸ್ಪೀಕರುಗಳು. ಮೊದಲು ನಕ್ಕವರು ಅಕ್ಕ. ಆಮೇಲೆ ರಾಯರು ನೆಲದ ಮೇಲೆ ಕೂತೇ ನಕ್ಕರು. ನಾನು ಟ್ರಂಕಿನಿಂದ ಹಳೆಯ ಟ್ರಾನ್ಸ್‌ಫಾರ್ಮರನ್ನು ತೆಗೆದೆ. ರಾಯರು ತಂತಿ ಹಿಡಿದರು, ನಾನು ಬೆಸುಗೆ ಹಾಕಿದೆ. ಗುಂಡಿ ತಿರುಗಿಸಿದಾಗ ರೇಡಿಯೋದಲ್ಲಿ ಗುಜರಾತಿಯಲ್ಲಿ ಹತ್ತಿ, ಶೇಂಗಾ ಎಣ್ಣೆಯ ಧಾರಣೆ ಓದುತ್ತಿದ್ದರು. ಆ ಓದುವವರು ಉಸಿರೆಳೆದುಕೊಂಡದ್ದೂ ಕೇಳಿಸಿತು. ಧಾರಣೆ ಮುಗಿಯುವವರೆಗೆ ಎಲ್ಲರೂ ಕೂತು ಕೇಳಿದೆವು. ಅಷ್ಟು ಸಂತೋಷವಾಗಿತ್ತು ನನಗೆ. ರಾಯರ ಪೆಟ್ಟಿಗೆಯನ್ನೂ ಹಚ್ಚಿ ಕೇಳಿದೆವು. ಅದರಲ್ಲಿ ಮಂದ್ರಸ್ವರ ಒಂದು ಕೂದಲಷ್ಟು ಹೆಚ್ಚಿತ್ತೆಂದು ನನಗೆ ಇವತ್ತಿಗೂ ಅನುಮಾನ.

ಹೊರಟು ನಿಂತ ಬಾ, ಅಕ್ಕನ ಗಂಟುಮೂಟೆಯನ್ನು ನೋಡಿ, ನನ್ನ ಹೆಂಡತಿಯ ಗಲ್ಲ ಹಿಡಿದು ಏನೋ ಹೇಳಿದರು. ನನಗೆ ತಿಳಿದದ್ದು ಇಷ್ಟು. ನಿನ್ನ ಅಕ್ಕ ಬಂದಳಲ್ಲ, ಇನ್ನು ಬಾಣಂತನಕ್ಕೆ ನಾನು ಬೇಡ. ಮಾಡಿಟ್ಟ ಮೆಂತ್ಯದ ಲಾಡು ಮಾತ್ರ ಕಳಿಸುತ್ತೇನೆ.

ಬಾ ಮೆಟ್ಟಿಲು ಇಳಿಯುವವರೆಗೆ ಕಾದು ಹೆಂಡತಿಯನ್ನು ಕೇಳಿದೆ. "ಏನಿದು? ಬಾ ಅವರಿಗೆ ಮೊದಲೇ ಹೇಳಿಟ್ಟಿದ್ಯಾ?"

"ಹೂಂ. ಯುಗಾದಿ ಆದ ವಾರಾನೇ."

"ಅಕ್ಕ ಬರ್ತೀನಿ ಅಂದಿದ್ರಲ್ಲ! ಅವರ ಮೇಲೂ ಅನುಮಾನವಾ ನಿನಗೆ?"

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ನಿಧಾನವಾಗಿ ಬಗ್ಗಿ, ಕಾಫಿ ಲೋಟಗಳನ್ನು ಎತ್ತಿಕೊಂಡಳು.

"ಅಕ್ಕನ ಮೇಲಲ್ಲ," ಎಂದು ಒಳಗೆ ಹೋದಳು.