ಕೋಮ್ ನವಾರಿಗೆ ಬರುತ್ತಿದ್ದ ಒಬ್ಬಳೇ ಪ್ರವಾಸಿ

ಕೋಮ್ ನವಾರ್ ದಿಬ್ಬಕ್ಕೆ ಯಾರೂ ಬರುವುದಿಲ್ಲ. ಪಿರಮಿಡ್ಡು ನೋಡಿದವರು ಹಾಗೇ ವಿಮಾನ ಹತ್ತುತ್ತಾರೆ. ನೈಲ್ ನದಿ ಸಮುದ್ರ ಸೇರುವ ಈ ಕಡೆ, ಭತ್ತದ ಗದ್ದೆಗಳ ನಡುವೆ ಕರಗಿ ಕೂತ ಮಣ್ಣಿಟ್ಟಿಗೆಯ ಊರನ್ನು ನೋಡಲು ಯಾರಿಗೆ ಪುರುಸೊತ್ತಿದೆ? ಆದರೂ ಸರ್ಕಾರ ಬೇಲಿ ಹಾಕಿತು, ಗೇಟು ಕೂರಿಸಿ ಟಿಕೆಟು ಅಚ್ಚು ಹಾಕಿಸಿತು. ಆ ಟಿಕೆಟು ಕೊಂಡು ಮತ್ತೆ ಮತ್ತೆ ಒಳಗೆ ಹೋದವಳು ಇನ್ಸಾಫ್ ಒಬ್ಬಳೇ.

ಅವಳು ಫಾಕೂಸ್ ಸಂತೆಯಲ್ಲಿ ಉಪ್ಪು ಹಾಕಿದ ಚೀಸು ಮಾರುವ ಹೆಂಗಸು. ಬಾಯಿ ಜೋರು, ಚೌಕಾಸಿಗೆ ನಿಂತವರ ನೀರಿಳಿಸುತ್ತಿದ್ದಳು. ಅವಳ ಒಬ್ಬಳೇ ಮಗಳು ಬಸೀಮಾ ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಳು. ಆಗ ಊರಿನ ಗೋರಿಗಳೆಲ್ಲ ದಿಬ್ಬದ ಮೇಲೇ ಇದ್ದವು, ನೀರು ನಿಲ್ಲದ ಜಾಗ ಅದೊಂದೇ. ಮಗುವಿಗೆ ಕಲ್ಲು ನೆಡಿಸುವ ಶಕ್ತಿ ಇರಲಿಲ್ಲ. ತಲೆಯಿಲ್ಲದ ಕಲ್ಲಿನ ರಾಜನೊಬ್ಬ ಅಲ್ಲಿ ಬೋರಲು ಬಿದ್ದಿದ್ದ. ಅವನ ಪಾದದ ಬಳಿ ಎಂದು ಗುರುತಿಟ್ಟುಕೊಂಡಳು. ಮತ್ತೆ ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. ಇನ್ಸಾಫ್ ಕೆಲವು ವರ್ಷ ಅಲೆಕ್ಸಾಂಡ್ರಿಯಾದಲ್ಲಿ ಮನೆಗೆಲಸ ಮಾಡಿ, ಮೈ ಸೋತು ಹಿಂತಿರುಗಿದಾಗ ದಿಬ್ಬದ ಮುಖವೇ ಬದಲಾಗಿತ್ತು. ರಾಜ ಮಾತ್ರ ಹಾಗೇ ಬೋರಲು ಬಿದ್ದಿದ್ದ.

ಹಬ್ಬದ ಬೆಳಗ್ಗೆ ಸತ್ತವರ ಬಳಿ ಹೋಗಿ ಕೂರುವುದು ಅಲ್ಲಿನ ಪದ್ಧತಿ. ಗೇಟಿನಲ್ಲಿ ಕಾವಲುಗಾರ ಮೆಗಾಹಿದ್ ತಡೆದ. ಊರವರು ಬಿಟ್ಟೇಬಿಟ್ಟಿದ್ದ ಹೆಸರಿನಿಂದ, ಬಸೀಮಾಳ ತಾಯಿ ಎಂದೇ ಅವನು ಅವಳನ್ನು ಕರೆಯುತ್ತಿದ್ದ.

"ಟಿಕೆಟ್ ತಗೋಬೇಕು, ಉಮ್ಮ್ ಬಸೀಮಾ. ಮೇಲಿನವ್ರ ಆರ್ಡರು."

"ನನ್ ಮಗಳನ್ನ ನೋಡೋಕೆ ಟಿಕೆಟ್ಟಾ? ಆ ತಲೆ ಇಲ್ದಿರೋ ರಾಜ ತಗೊಂಡಿದಾನಾ ಕೇಳು."

"ಅವನು ಸರ್ಕಾರಿ ನೌಕರ. ನನ್ ಹಂಗೇ."

ಬೈಯುತ್ತಲೇ ಕೊಂಡಳು. ಅಲ್ಲಿಂದ ಮುಂದೆ ಹಬ್ಬಕ್ಕಷ್ಟೇ ಅಲ್ಲ, ಸಂತೆಯಿಲ್ಲದ ದಿನಗಳಲ್ಲೂ ರಾಜನ ಪಾದದ ಬಳಿ ಕೂತು ಮಗಳೊಂದಿಗೆ ಮಾತಾಡುತ್ತಿದ್ದಳು. ಸವತಿಯ ಹೆರಿಗೆ, ಮಂಡಿನೋವು, ಅಕ್ಕಿಯ ಬೆಲೆ, ಎಲ್ಲವೂ. ಅಪ್ಪನ ಮೇಲಿನ ದೂರಂತೂ ಮುಗಿಯುತ್ತಲೇ ಇರಲಿಲ್ಲ.

ಕೊನೆಗೆ ಅಗೆಯುವವರು ಬಂದರು. ದಿಬ್ಬದ ಗೋರಿಗಳೆಲ್ಲ ಕಾಲುವೆಯಾಚೆಯ ಹೊಸ ಖಬರಸ್ತಾನಕ್ಕೆ ಹೋಗಬೇಕು, ಮನೆಯವರು ಬಂದು ತಮ್ಮವರನ್ನು ಕೊಂಡೊಯ್ಯಬೇಕು ಎಂದರು. ಊರೆಲ್ಲ ಗೊಣಗಿತು, ಇನ್ಸಾಫ್ ಹಿಗ್ಗಿದಳು. ದಿಬ್ಬದಲ್ಲಿ ಹೊಸದಾಗಿ ಹೂಳುವುದನ್ನು ನಿಲ್ಲಿಸಿದ ಮೇಲೆ, ಮಗಳ ಪಕ್ಕ ತಾನು ಮಲಗುವ ಹಾಗಿಲ್ಲವಲ್ಲ ಎಂಬುದೇ ಅವಳ ಕೊರಗಾಗಿತ್ತು. ಚೀಸು ಮಾರಿದ ದುಡ್ಡಿನಲ್ಲಿ ಆಚೆ ಇಬ್ಬರಿಗೆ ಸಾಲುವ ಗೋರಿ ಕಟ್ಟಿಸಿದಳು.

ಅಗೆತದ ಮೇಲ್ವಿಚಾರಕಿ ಶಾಹಿಂದಾ ಇನ್ನೂ ಹುಡುಗಿ, ಮೆತ್ತಗಿನವಳು. ತಾನೇ ಕೂತು ಕರಣೆಯಿಂದ ಮಣ್ಣು ಬಿಡಿಸಿದಳು. ಇನ್ಸಾಫ್ ಬಿಳಿ ಬಟ್ಟೆ ಹಾಸಿಕೊಂಡು ಕಾದಳು. ಒಂದು ದೊಡ್ಡ ಮಡಕೆ ಸಿಕ್ಕಿತು. ಒಳಗೆ ಮುದುಡಿ ಮಲಗಿದ ಎಳೆಗೂಸಿನ ಮೂಳೆಗಳು.

"ಖಾಲಾ, ಇದು ನಿಮ್ಮ ಮಗು ಅಲ್ಲ. ಮಡಕೇಲಿ ಹೂಳ್ತಿದ್ದೋರು ಆ ಕಾಲದೋರು. ಸಾವಿರಾರು ವರ್ಷದ್ದು ಇದು."

"ಇನ್ನೂ ಸ್ವಲ್ಪ ಅಗಿ, ತಾಯಿ. ಪಕ್ಕದಲ್ಲೇ ಇರ್ತಾಳೆ."

ಸಂಜೆವರೆಗೂ ಅಗೆದರು. ಇರಲಿಲ್ಲ. "ರಾಜನ ಪಾದದ ಹತ್ರಾನೇ ಇಟ್ಟಿದ್ದು, ಆಣೆಗೂ," ಎಂದು ಇನ್ಸಾಫ್ ಹೇಳುತ್ತಲೇ ಇದ್ದಳು. ಅದನ್ನು ಕೇಳಿದ ಮೆಗಾಹಿದ್ ಹತ್ತಿರ ಬಂದ.

"ರಾಜನ್ನ ಎಳೆದು ಇಲ್ಲಿಗೆ ಹಾಕಿದ್ದು, ಉಮ್ಮ್ ಬಸೀಮಾ. ನೀನು ಅಲೆಕ್ಸಾಂಡ್ರಿಯಾದಲ್ಲಿದ್ದಾಗ. ಕ್ರೇನ್ ತಂದಿದ್ರು. ನಿನ್ ಗುರುತು ಅವನೇ ಅಂತ ನಂಗೆ ಗೊತ್ತಿರ್ಲಿಲ್ಲ. ನೆರಳಿಗೆ ಕೂರ್ತೀಯ ಅಂದ್ಕೊಂಡಿದ್ದೆ."

"ಮೊದ್ಲು ಎಲ್ಲಿದ್ದ?"

ಅವನು ಗೇಟಿನಾಚೆ ಕೈ ತೋರಿಸಿದ. ಬಾರದ ಬಸ್ಸುಗಳಿಗಾಗಿ ಡಾಂಬರು ಹಾಕಿದ ಜಾಗ ಅದು. ಡಾಂಬರಿಗೆ ಮೊದಲು ಬುಲ್ಡೋಜರು ಆಳಕ್ಕೆ ತೋಡಿ, ಆ ಮಣ್ಣನ್ನೆಲ್ಲ ಕಾಲುವೆಯ ಏರಿಗೆ ಸುರಿದಿತ್ತು. ಆ ಏರಿ ಎತ್ತರವಾದದ್ದನ್ನು ಇನ್ಸಾಫ್ ಊರಿಗೆ ಹಿಂತಿರುಗಿದಾಗಲೇ ಕಂಡಿದ್ದಳು.

ಇನ್ಸಾಫ್ ಮಡಕೆಯ ಕಡೆ ತಿರುಗಿದಳು.

"ಇದಕ್ಕೆ ನನ್ ಸಂಗತಿ ಎಲ್ಲಾ ಗೊತ್ತು," ಎಂದಳು. "ಇಷ್ಟು ವರ್ಷ ಇದರ ಹತ್ರಾನೇ ಹೇಳ್ಕೊಂಡೆ. ಅವಳು ಮಾತ್ರ, ಅಮ್ಮ ಊರಿಗೆ ಬಂದ್ರೂ ನನ್ನ ನೋಡೋಕೆ ಒಂದಿನಾನೂ ಬರ್ಲಿಲ್ಲ ಅಂತ ಅಂದ್ಕೊಂಡೇ ಇರ್ತಾಳೆ."