ನೂರರ ಗಂಟ ಎಣಿಸಿದವರು

ಸರಗೂರು ಬಸ್‌ಸ್ಟ್ಯಾಂಡಿನ ಎದುರು ಕ್ಷೌರದಂಗಡಿ ಇಟ್ಟಿದ್ದ ಒಬ್ಬರು ಲೈಬ್ರರಿ ಪುಸ್ತಕಗಳನ್ನೆಲ್ಲ ಓದಿ, ಓದಿದ್ದನ್ನು ಗಿರಾಕಿಗಳ ಮುಂದೆಯೇ ಪ್ರಯೋಗಿಸುತ್ತಿದ್ದರು. "ಓದಿದ್ ಮ್ಯಾಲೆ ಮಾಡಿ ನೋಡ್ಬೇಕು ಕಣ್ರೀ," ಎಂದು ಕತ್ತರಿಯನ್ನು ಗಾಳಿಯಲ್ಲೇ ಎರಡು ಸಲ ಆಡಿಸುವರು.

ಒಮ್ಮೆ ನನ್ನ ಅರ್ಧ ಗಡ್ಡ ಹೆರೆದು ಪುಸ್ತಕದ ಮಾತಿಗಿಳಿದರು. ನಾನು ಪಾಠ ಮಾಡುವ ಶಾಲೆಗೆ ಹೋಗಬೇಕಿದ್ದ ಬಸ್ಸು ಎದುರಿಗೇ ಹೊರಟುಹೋಯಿತು. ಬಾಯಿಗೆ ಬಂದಂತೆ ಬೈದೆ. ಅವರು ಕತ್ತಿ ಕೆಳಗಿಟ್ಟು, ಕಣ್ಣು ಮುಚ್ಚಿ, ಜೋರಾಗಿ ಎಣಿಸತೊಡಗಿದರು.

"ಏನ್ರೀ ಇದು?" ಎಂದೆ.

"ಕೋಪ ಬಂದ್ರೆ ನೂರರ ಗಂಟ ಎಣಿಸ್ಬೇಕು ಅಂತ ಓದಿವ್ನಿ," ಎಂದು ಮತ್ತೆ ಒಂದರಿಂದ ಶುರು ಮಾಡಿದರು.

ಅರವತ್ತರ ಹೊತ್ತಿಗೆ ಕನ್ನಡಿಯಲ್ಲಿ ಅರ್ಧ ನೊರೆ ಮೆತ್ತಿದ ನನ್ನ ಮುಖ ಕಂಡು ನಗು ತಡೆಯಲಾಗಲಿಲ್ಲ. ಅವರು ನೂರು ಮುಗಿಸಿಯೇ ಕಣ್ಣು ಬಿಟ್ಟರು.

"ಕೋಪ ಇಳೀತದೆ ಅಂತ ಬರ್ದವ್ರೆ ಮೇಷ್ಟ್ರೇ, ಯಾರ್ದು ಅಂತ ಬರ್ದಿಲ್ಲ. ನಂದು ಇನ್ನೂ ಅಂಗೇ ಅದೆ," ಎಂದು ಕತ್ತಿ ಎತ್ತಿಕೊಂಡರು.